ಪವರ್ ಐಸಿ ಕೀಳುವ ಮುನ್ನ

ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಿಗೆ ತ್ರೀಫೇಸ್ ಬಂದು ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಶುರುವಾದರೆ ರಾಯಬಾಗ, ಕಾಗವಾಡದ ತೋಟದ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಗುಂಡು ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ಮೊಬೈಲ್ ಚಾರ್ಜರ್ ಮಾತ್ರ ಜಗ್ಗುವುದಿಲ್ಲ. ಅದರ ಮೈಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ, ಓದಿ ನೋಡಿ. ಒಳಗಿನ ಪುಟ್ಟ ಚಿಪ್ಪು, ಅಂದರೆ ಪವರ್ ಐಸಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಹಾಕಿ ತೆಗೆಯುತ್ತಿರುತ್ತದೆ. ಒಳಬರುವ ವೋಲ್ಟೇಜ್ ಇಳಿದರೆ ಪ್ರತಿ ಸಲವೂ ಹೆಚ್ಚು ಹೊತ್ತು ಹಾಕಿಡುತ್ತದೆ. ಹೊರಗೆ ಅದೇ 5 ವೋಲ್ಟ್. ನಮ್ಮ ಸೀಮೆಗೆ ಇಷ್ಟು ಉಪಕಾರ ಮಾಡಿದ ಎಲೆಕ್ಟ್ರಾನಿಕ್ ವಸ್ತು ಇನ್ನೊಂದು ನನಗೆ ಕಂಡಿಲ್ಲ.

ಇದಕ್ಕಿಂತ ಹಿರಿಯದು 7805. ಸ್ಥಿರವಾಗಿ 5 ವೋಲ್ಟ್ ಕೊಡುವ ಮೂರು ಕಾಲಿನ ಈ ಐಸಿಯನ್ನು ಕಾಣದ ರಿಪೇರಿ ಅಂಗಡಿ ನಿಪ್ಪಾಣಿ, ಚಿಕ್ಕೋಡಿಗಳಲ್ಲಿ ಇರಲಿಕ್ಕಿಲ್ಲ. ಅದಕ್ಕೂ ಮುಂಚಿನದು, 1969ರ ಸುಮಾರಿಗೆ ನ್ಯಾಷನಲ್ ಸೆಮಿಕಂಡಕ್ಟರ್‌ನಲ್ಲಿ ಬಾಬ್ ವಿಡ್ಲರ್ ರೂಪಿಸಿದ ಎಲ್‌ಎಂ109. ಚಿಪ್ಪು ಕಾದರೂ ವೋಲ್ಟೇಜ್ ಅಲುಗದಂತೆ ಅವರು ಹೂಡಿದ ಉಪಾಯವನ್ನು ನಾನು ಇವತ್ತಿಗೂ ಬೆರಗಿನಿಂದ ನೋಡುತ್ತೇನೆ. ಕಾವಿಗೆ ಇಳಿಯುವ ಒಂದು ವೋಲ್ಟೇಜ್, ಕಾವಿಗೆ ಏರುವ ಇನ್ನೊಂದು. ಎರಡನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಸುಮಾರು 1.2 ವೋಲ್ಟ್, ಅಥಣಿಯ ಏಪ್ರಿಲ್ ಬಿಸಿಲಿಗೂ ಹೆಚ್ಚುಕಡಿಮೆ ಅಷ್ಟೇ. ಇಂದಿನ ಪವರ್ ಐಸಿಗಳೂ ಇದೇ ಉಪಾಯವನ್ನು ನೆಚ್ಚಿವೆ. 7805ರ ಕೊರತೆಯೆಂದರೆ ದಂಡ. 12 ವೋಲ್ಟ್ ಕೊಟ್ಟು 1 ಆಂಪಿಯರ್ ಎಳೆದರೆ 5 ವ್ಯಾಟ್ ಕೆಲಸಕ್ಕೆ, 7 ವ್ಯಾಟ್ ಬರೀ ಬಿಸಿಗೆ.

ಮೊಬೈಲಿನ ಪವರ್ ಐಸಿಯ ಹೊಣೆ ದೊಡ್ಡದು. 3.7 ವೋಲ್ಟಿನ ಒಂದೇ ಬ್ಯಾಟರಿಯಿಂದ ಪ್ರೊಸೆಸರಿಗೆ 1 ವೋಲ್ಟಿನ ಆಸುಪಾಸು, ಮೆಮೊರಿಗೆ ಬೇರೆ, ಕ್ಯಾಮೆರಾಕ್ಕೆ ಬೇರೆ ಹಂಚಬೇಕು. ಗುಂಡಿ ಒತ್ತಿದಾಗ ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಸರದಿಯನ್ನೂ ಕಾಯಬೇಕು.

ಹೀಗೆ ಒಂದೊಂದಕ್ಕೂ ಬೇರೆ ಲೈನು ಇರುವುದರಿಂದ, ಫೋನು ಸತ್ತಾಗ ಅಂಗಡಿಯವನು ‘ಪವರ್ ಐಸಿ ಹೋಗೇತ್ರಿ’ ಎಂದರೆ ಕೂಡಲೇ ಒಪ್ಪಬೇಡಿ. ಎಷ್ಟೋ ಸಲ ಶಾರ್ಟ್ ಆಗಿರುವುದು ಪಕ್ಕದ, ಸಾಸಿವೆಗಿಂತ ಚಿಕ್ಕದಾದ ಕೆಪಾಸಿಟರ್. ಬಲ್ಲ ಮೆಕ್ಯಾನಿಕ್ ಬೋರ್ಡಿಗೆ ರಾಳದ ಹೊಗೆ ಹಿಡಿದು ಬಿಳಿ ಪದರ ಕೂರಿಸುತ್ತಾನೆ, ಡಿಸಿ ಸಪ್ಲೈಯಿಂದ ಶಾರ್ಟ್ ಆದ ಲೈನಿಗೆ 1 ವೋಲ್ಟಿನಷ್ಟು ಕೊಡುತ್ತಾನೆ. ಶಾರ್ಟ್ ಆದದ್ದು ಬಿಸಿಯಾಗಿ, ಅದರ ಮೇಲಿನ ರಾಳ ಕರಗುತ್ತದೆ. ಅದೊಂದನ್ನು ತೆಗೆದರೆ ಬಹಳ ಫೋನುಗಳು ಎದ್ದು ಕೂರುತ್ತವೆ. ಬ್ಲೋವರ್ ಹಿಡಿದು ಐಸಿ ಕೀಳುವುದು ಕೊನೆಯ ದಾರಿ. ಕೀಳಲೇಬೇಕಾದರೆ ಹಳೆಯದರ ನಂಬರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿಯೇ ಹೊಸದನ್ನು ತರಿಸಿ. ಗಾತ್ರ, ಕಾಲು ಎಲ್ಲ ಕೂಡಿಬಂದರೂ ಒಳಗೆ ಬರೆದ ಸರದಿ ಬೇರೆಯಾದರೆ ಫೋನು ಆನ್ ಆಗದೆ ಹೋಗಬಹುದು.