ಗಮಕವಿಲ್ಲದ ತೋಡಿ: ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’

ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಭಾರತದಿಂದ ಪಡೆದದ್ದು ಲಯ. ಇದನ್ನು ಮರೆತು ಅವರಲ್ಲಿ ರಾಗ ಹುಡುಕಿದರೆ ನಿರಾಸೆ ಖಚಿತ. 1937ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಅವರು ಪ್ಯಾರಿಸ್‌ನಲ್ಲಿ ನಾದಿಯಾ ಬುಲಾಂಜೆ ಅವರ ಬಳಿ ಕಲಿಯುತ್ತಿದ್ದಾಗ, ಒಂದು ಸಿನಿಮಾಕ್ಕಾಗಿ ರವಿಶಂಕರ್ ಅವರ ಸಂಗೀತವನ್ನು ಪಾಶ್ಚಾತ್ಯ ವಾದಕರಿಗೆ ಬರೆದುಕೊಡುವ ಕೆಲಸ ಸಿಕ್ಕಿತು. ಸ್ವರಗಳ ನಡುವೆ ಎಲ್ಲಿ ಗೆರೆ ಎಳೆದರೂ ಒತ್ತು ತಪ್ಪು ಜಾಗದಲ್ಲಿ ಬೀಳುತ್ತಿತ್ತು. ತಬಲಾ ವಾದಕ ಅಲ್ಲಾ ರಖಾ ಒಪ್ಪುತ್ತಿರಲಿಲ್ಲ. ಕೊನೆಗೆ ಗ್ಲಾಸ್ ಆ ಗೆರೆಗಳನ್ನೆಲ್ಲ ಅಳಿಸಿಹಾಕಿದರು. ಎರಡು, ಮೂರರ ಗುಂಪುಗಳು ಕೂಡಿ ಬೆಳೆಯುವ ಲೆಕ್ಕ ಅವರಿಗೆ ಹೊಳೆದದ್ದು ಆಗ. 1960ರ ದಶಕದ ಕೊನೆಯ ಅವರ ರಚನೆಗಳನ್ನು ಕೇಳಿದರೆ ಮೃದಂಗ ಬಲ್ಲವರಿಗೆ ಸ್ರೋತೋವಹ ಯತಿ ನೆನಪಾದೀತು.

ಆ ರಚನೆಗಳಲ್ಲಿ ಲೆಕ್ಕ ಚುರುಕು, ಭಾವ ತೆಳು. 1976ರ ‘ಐನ್‌ಸ್ಟೈನ್ ಆನ್ ದ ಬೀಚ್’ ಅಪೆರಾ ಹೆಸರು ತಂದುಕೊಟ್ಟಿತು, ಆದರೂ ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುವುದು ತಪ್ಪಲಿಲ್ಲ. 1980ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ರಂಗವೇರಿದ ‘ಸತ್ಯಾಗ್ರಹ’ದಲ್ಲಿ ಅವರ ವಿಧಾನಕ್ಕೆ ತಕ್ಕ ವಸ್ತು ಸಿಕ್ಕಿತು: ದಕ್ಷಿಣ ಆಫ್ರಿಕಾದ ಗಾಂಧಿ. ಕಹಳೆಯಿಲ್ಲ, ನಗಾರಿಯಿಲ್ಲ; ತಂತಿವಾದ್ಯ, ಕೊಳಲಿನ ಬಳಗ, ಆರ್ಗನ್ ಇಷ್ಟೇ. ರಂಗದ ಮೇಲೆ ಅಲ್ಲಿನ ಭಾರತೀಯರು ತಮ್ಮ ಕಡ್ಡಾಯ ನೋಂದಣಿ ಪತ್ರಗಳನ್ನು ಸುಡುತ್ತಿದ್ದರೆ ಹಾಡುವುದು ಸಂಸ್ಕೃತದಲ್ಲಿ, ಭಗವದ್ಗೀತೆಯ ಶ್ಲೋಕಗಳನ್ನು. ಗೀತೆಯನ್ನು ಬಾಯಿಪಾಠ ಮಾಡಿದವರಿಗೆ ಇಲ್ಲೊಂದು ತಕರಾರು ಇದ್ದೇ ಇರುತ್ತದೆ. ಅನುಷ್ಟುಪ್ಪಿನ ನಡೆ ಉಳಿಯುವುದಿಲ್ಲ, ಪದಗಳು ಎಳೆದೆಳೆದು ಬಿಡಿಬಿಡಿಯಾಗುತ್ತವೆ. ಈ ನಷ್ಟ ಸಣ್ಣದಲ್ಲ.

ಆದರೆ ಕೊನೆಯ ಹಾಡು ಬೇರೆಯೇ ಮಾತು. ಗಾಂಧಿ ಪಾತ್ರಧಾರಿ ಒಂಟಿಯಾಗಿ ಒಂದೇ ಆರೋಹಣವನ್ನು 30 ಸಲ ಹಾಡುತ್ತಾನೆ. ಸ್ವರಗಳು ಹನುಮತೋಡಿಯವೇ. ಗಾಂಧಾರ ಅಲುಗುವುದಿಲ್ಲ, ಧೈವತದಲ್ಲಿ ಕಂಪನವಿಲ್ಲ. ನಮ್ಮ ಕಿವಿಗೆ ಮೊದಲು ಬರಿಯ ಸರಳೆ. ಐದಾರು ಸಲ ಕೇಳುವಷ್ಟರಲ್ಲಿ ಬೇಸರ ಬರುತ್ತದೆ. ಹತ್ತು ದಾಟಿದ ಮೇಲೆ ಆ ಬೇಸರ ತಾನಾಗಿ ಕರಗುತ್ತದೆ. ಹೊಡೆತ ತಿಂದೂ ಕೈಯೆತ್ತದೆ ಮತ್ತೆ ಎದ್ದು ನಿಲ್ಲುವ ಹಟಕ್ಕೆ ಇದಕ್ಕಿಂತ ನೇರವಾದ ಸಂಗೀತ ರೂಪವನ್ನು ನಾನು ಕೇಳಿಲ್ಲ. ಇಲ್ಲಿ ಗಮಕ ಸೇರಿಸಿದ್ದರೆ ಹಾಡು ಚೆಂದವಾಗುತ್ತಿತ್ತು, ಆ ಹಟ ಸಡಿಲವಾಗುತ್ತಿತ್ತು.

ಮುಂದಿನ ಗ್ಲಾಸ್ ಬಗ್ಗೆ ಇಷ್ಟು ವಿಶ್ವಾಸದಿಂದ ಹೇಳಲಾರೆ. ಸಿನಿಮಾ ಸಂಗೀತದಲ್ಲಿ ಅದೇ ಸ್ವರಗುಚ್ಛಗಳು ಅಭ್ಯಾಸಬಲದಿಂದ ಸುತ್ತುತ್ತವೆ. 1990ರಲ್ಲಿ ರವಿಶಂಕರ್ ಜೊತೆ ‘ಪ್ಯಾಸೇಜಸ್’ ಧ್ವನಿಮುದ್ರಿಕೆ ಬಂತು. ಒಬ್ಬರ ಸ್ವರವಸ್ತುವನ್ನು ಇನ್ನೊಬ್ಬರು ಬೆಳೆಸಿದರು. ಕೇಳಲು ಹಿತ. ಪ್ಯಾರಿಸ್‌ನಲ್ಲಿ ಗೆರೆ ಅಳಿಸಿದವರ ಎದೆಗಾರಿಕೆ ಮಾತ್ರ ಅದರಲ್ಲಿ ಕಾಣಲಿಲ್ಲ.