ಹುಬಾಶಿಕನ ಮಕ್ಕಳಿಗೆ ಏನು ಬಂತು?

ನಮ್ಮ ಸವಣೂರಿನ ಕಡೆ ಬೀಡು, ಗುತ್ತುಗಳ ಮನೆಯವರಿಗೆ ವಂಶಾವಳಿ ಎಂದರೆ ಬರೀ ಕತೆಯಲ್ಲ, ಆಸ್ತಿ. ನಾವು ಬಲ್ಲಾಳರ ಕಾಲದವರು ಎನ್ನುವವರ ಬೆನ್ನಿಗೆ ಗದ್ದೆ ಉಂಟು, ಭೂತದ ಭಂಡಾರ ಉಂಟು, ನೇಮದಲ್ಲಿ ಮೊದಲು ಹೆಸರು ಕರೆಸಿಕೊಳ್ಳುವ ಮರ್ಯಾದೆ ಉಂಟು. ಕೊರಗರಿಗೂ ಒಬ್ಬ ಅರಸ ಉಂಟು, ಹುಬಾಶಿಕ. ಅವನಿಂದ ಅವರಿಗೆ ಬಂದದ್ದೇನು?

1801ರಲ್ಲಿ ಈ ಜಿಲ್ಲೆ ಸುತ್ತಿದ ಬುಕಾನನ್ ಹುಬಾಶಿಕನ ಹೆಸರು ಬರೆದುಕೊಂಡ. 1909ರಲ್ಲಿ ಥರ್ಸ್ಟನ್ನನ ಸಂಪುಟಗಳಲ್ಲೂ ಆ ಕತೆ ಬಂತು. ಪಾಠಗಳು ಬೇರೆಬೇರೆ, ಎಲುಬು ಒಂದೇ: ಹುಬಾಶಿಕ ಕದಂಬರ ಕುಲದವರನ್ನು ಓಡಿಸಿ ನಾಡಾಳಿದ. ಅವನನ್ನೋ ಅವನ ಅಳಿಯನನ್ನೋ ಹೆಣ್ಣು ಕೊಡುತ್ತೇವೆಂದು ಕರೆದು ಮೋಸದಿಂದ ಕೊಂದರು. ಉಳಿದವರು ಕಾಡು ಸೇರಿದರು.

ಮೇಲಿನವರು ಹೇಳುವಾಗ ಇದು ನೀತಿಕತೆ. ಹೆಣ್ಣು ಕೇಳಿ ಕೆಟ್ಟ ಎನ್ನುತ್ತಾರೆ. ಕೊಂದವನ ಪಾಪ ಸತ್ತವನ ಆಸೆಯಾಗಿ ತಿರುಗುತ್ತದೆ. ಕೊರಗರ ಇವತ್ತಿನ ಸ್ಥಿತಿಗೆ ಅವರ ಅರಸನೇ ಹೊಣೆಯಾಗುತ್ತಾನೆ. ನಮ್ಮ ಜಾನಪದ ಪಂಡಿತರು ಇದನ್ನು 'ಐತಿಹ್ಯ' ಎಂದು ಕರೆದು ಮುಂದೆ ಹೋದರೆ ಆಯಿತಾ?

ಕ್ಲಾಸಿನಲ್ಲಿ ಒಬ್ಬ ಕೇಳಿದ: "ಅರಸರಾಗಿದ್ದೆವು ಅಂತ ಹೇಳಿಕೊಳ್ಳುವುದರಲ್ಲಿ ತಪ್ಪೇನು ಸರ್?" ತಪ್ಪಿಲ್ಲ. ಅವಮಾನ ಉಂಡವನಿಗೆ ಅರಸ ಬೇಕು. ಆದರೆ ಇಲ್ಲೇ ಹತ್ತಿರದ ಪಡುಮಲೆಯ ಪಾಡ್ದನ ನೋಡಿ. ಕೋಟಿ ಚೆನ್ನಯರ ತಾಯಿ ದೇಯಿ ಬೈದೆದಿ ಬಲ್ಲಾಳನಿಗೇ ಮದ್ದು ಮಾಡಿ ಗುಣಪಡಿಸಿದವಳು. ಅಷ್ಟು ಸಾಲದೆಂಬಂತೆ ಕತೆ ಅವಳನ್ನು ಬ್ರಾಹ್ಮಣರ ಮನೆಯಲ್ಲಿ ಹುಟ್ಟಿಸುತ್ತದೆ. ಮದುವೆಗೆ ಮೊದಲೇ ಮೈನೆರೆದಳೆಂದು ಕಾಡಿಗೆ ಬಿಟ್ಟ ಕ್ರೌರ್ಯವನ್ನೂ ಅದು ಹೇಳುತ್ತದೆ, ನಿಜ. ಆದರೂ ಕೆಳಗಿನವರ ಜಾಣ್ಮೆಗೆ ಮೇಲಿನ ರಕ್ತದ ಸಾಕ್ಷಿ ಯಾಕೆ? ಅರಸನ ವಂಶ ಹುಡುಕುವಾಗ ನಾವೂ ಅದೇ ಏಣಿಗೆ ಕೈ ಹಾಕುತ್ತೇವೆ.

ಕೊರಗರಲ್ಲಿ ಒಂದು ಪಂಗಡಕ್ಕೆ 'ಅಂಡೆ ಕೊರಗ' ಎಂದು ಹೆಸರು. ದಾರಿಗೆ ಉಗುಳಿದರೆ ಮೈಲಿಗೆಯೆಂದು ಕುತ್ತಿಗೆಗೆ ಅಂಡೆ ಕಟ್ಟಿಸಿದ ಕಾಲದ ಹೆಸರದು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲನ್ನು ನಿಷೇಧಿಸಲು 2000ದ ಕಾಯ್ದೆಯೇ ಬರಬೇಕಾಯಿತು. ಹುಬಾಶಿಕನಿಗಿಂತ ಗಟ್ಟಿಯಾದ ದಾಖಲೆ ಈ ಅಂಡೆ. ವಂಶಾವಳಿ ಬರೆಯುವುದಾದರೆ ಇಲ್ಲಿಂದ ಬರೆಯೋಣ, ಕಟ್ಟಿದವರ ಹೆಸರನ್ನೂ ಸೇರಿಸಿ.

ಹಾಗಾದರೆ ಹುಬಾಶಿಕನನ್ನು ಬಿಟ್ಟುಬಿಡಬೇಕೆ? ಬೇಡ. ಅವನನ್ನು ರಕ್ತದ ಕತೆಯಾಗಿ ಅಲ್ಲ, ನೆಲದ ಕತೆಯಾಗಿ ಓದಬೇಕು. ಈ ಮಣ್ಣು ನಮ್ಮದಾಗಿತ್ತು, ಕಿತ್ತುಕೊಂಡರು ಎಂಬ ನೆನಪು ಅದು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಗೂ ಯೋಗ್ಯನಲ್ಲ ಎಂದು ಗದ್ದೆಯ ಹೊರಗಿಟ್ಟವನಿಗೆ ಏನು ಸಿಕ್ಕೀತು? 1994ರ ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದಿತು. ಕೊರಗ ಸಂಘಟನೆಗಳು ಆ ವರದಿ ಹಿಡಿದು ಮತ್ತೆ ಮತ್ತೆ ಬೀದಿಗಿಳಿದಿವೆ.

ಬೀಡಿನವನ ಪೂರ್ವಜನನ್ನು ಅವನ ಪಹಣಿ ಕಾಯುತ್ತದೆ. ಹುಬಾಶಿಕನನ್ನು ಕಾಯಲು ನಮ್ಮಲ್ಲಿರುವುದು ಆ ಎರಡೂವರೆ ಎಕರೆಯ ಕೇಳಿಕೆ ಮಾತ್ರ. ದಲಿತ ವಿಮರ್ಶೆ ನಿಲ್ಲಬೇಕಾದ್ದು ಆ ಕೇಳಿಕೆಯ ಪಕ್ಕದಲ್ಲಿ.