ಮಲಗಿದ ಕೂಸು ಏಳದಿದ್ದಾಗ: ಸಂಶೋಧನೆಯ ಗಳಿಕೆ, ನಮ್ಮ ಬಾಕಿ

ಹಾಲು ಕುಡಿದು ಮಲಗಿದ ಮೂರು ತಿಂಗಳ ಕೂಸು ಬೆಳಿಗ್ಗೆ ಏಳಲಿಲ್ಲ ಎಂದರೆ, ಬೆಂಗಳೂರಿನ ಶಿವಾಜಿನಗರದ ಓಣಿಯಾಗಲಿ ಕೆ.ಆರ್. ಪುರದ ತಗಡಿನ ಶೆಡ್ಡಾಗಲಿ, ಕಾರಣ ಕೂಡಲೇ ಸಿದ್ಧವಾಗುತ್ತದೆ. ಹಾಲು ನೆತ್ತಿಗೇರಿತು, ದೃಷ್ಟಿಯಾಯಿತು, ತಾಯಿ ನಿದ್ದೆಗಣ್ಣಲ್ಲಿ ಮೈ ಹಾಕಿದಳು. ಸಂಜೆಯೊಳಗೆ ಮಣ್ಣು ಮುಗಿದಿರುತ್ತದೆ. ಶವಪರೀಕ್ಷೆ ಅಪರೂಪ, ಕೂಸು ಯಾವ ಮಗ್ಗುಲಲ್ಲಿ ಮಲಗಿತ್ತೆಂದು ಕೇಳುವವರು ಇನ್ನೂ ಅಪರೂಪ. ಜಗತ್ತಿನ ವೈದ್ಯರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಸಾವಿನ ಕಾರಣ ಹುಡುಕುತ್ತಿದ್ದಾರೆ. ಅದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ನಾವೂ ತೂಗಿ ನೋಡಬೇಕು.

1969ರಲ್ಲಿ ಸಿಯಾಟಲ್‌ನಲ್ಲಿ ಸೇರಿದ ತಜ್ಞರು ಇದಕ್ಕೆ ‘ಹಠಾತ್ ಶಿಶು ಮರಣ ಸಿಂಡ್ರೋಮ್’ ಎಂಬ ವ್ಯಾಖ್ಯೆ ಕೊಟ್ಟರು. ಇಂದಿನ ನಿಯಮದಂತೆ ಶವಪರೀಕ್ಷೆ, ಸಾವು ನಡೆದ ಜಾಗದ ಪರಿಶೀಲನೆ, ಆರೋಗ್ಯದ ಹಿನ್ನೆಲೆ, ಈ ಮೂರನ್ನೂ ನೋಡಿದ ಮೇಲೂ ಕಾರಣ ಸಿಗದಿದ್ದರೆ ಮಾತ್ರ ಈ ಹೆಸರು ಹಾಕಬಹುದು. ಎರಡರಿಂದ ನಾಲ್ಕು ತಿಂಗಳ ಕೂಸುಗಳಲ್ಲಿ ಇದು ಅತಿ ಹೆಚ್ಚು.

ಈ ಸಂಶೋಧನೆಯ ದೊಡ್ಡ ಗೆಲುವು ಬಂದದ್ದು ಪ್ರಯೋಗಾಲಯದಿಂದಲ್ಲ, ಮನೆಮನೆಯ ವಿಚಾರಣೆಯಿಂದ. ಬ್ರಿಸ್ಟಲ್‌ನಲ್ಲಿ ಪೀಟರ್ ಫ್ಲೆಮಿಂಗ್, ನ್ಯೂಜಿಲೆಂಡ್‌ನಲ್ಲಿ ಎಡ್ ಮಿಚೆಲ್ ತಂಡದವರು ಮಗುವನ್ನು ಕಳೆದುಕೊಂಡ ಮನೆಗಳನ್ನೂ ಮಗು ಸುಖವಾಗಿದ್ದ ಮನೆಗಳನ್ನೂ ಹೋಲಿಸಿದರು. ಬೋರಲು ಮಲಗಿಸುವುದು ದೊಡ್ಡ ಅಪಾಯ ಎಂಬುದು ಎರಡೂ ಕಡೆ ಕಂಡಿತು. ತಾಯಿಯ ಧೂಮಪಾನ, ಅತಿಯಾದ ಹೊದಿಕೆ, ಎದೆಹಾಲು ಇಲ್ಲದಿರುವುದು ಪಟ್ಟಿಗೆ ಸೇರಿದವು. 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಆರಂಭಿಸಿದವು. ಅಮೆರಿಕದಲ್ಲಿ ಆ ದಶಕದಲ್ಲೇ ಈ ಸಾವಿನ ದರ ಸುಮಾರು ಅರ್ಧಕ್ಕಿಳಿಯಿತು. ಕಾರಣ ಪೂರ್ತಿ ತಿಳಿಯುವ ಮೊದಲೇ ಪ್ರಾಣ ಉಳಿಸಬಹುದೆಂದು ಇದು ತೋರಿಸಿತು.

ಅದೇ ವಿಜ್ಞಾನದ ಮೇಲೆ ಒಂದು ಕಠಿಣ ಆಪಾದನೆಯೂ ಇದೆ. ಬೋರಲು ಮಲಗಿಸಿ ಎಂದು ಪಶ್ಚಿಮದ ತಾಯಂದಿರಿಗೆ ದಶಕಗಳ ಕಾಲ ಹೇಳಿಕೊಟ್ಟವರು ವೈದ್ಯರೇ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ದರೆ ಅಪಾಯ 1970ರ ಹೊತ್ತಿಗೇ ಗೊತ್ತಾಗುತ್ತಿತ್ತು ಎಂದು ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಕೈಯಲ್ಲಿದ್ದ ಸಾಕ್ಷ್ಯವನ್ನು ಓದದೆ ಹೋದದ್ದಕ್ಕೆ ಸಾವಿರಾರು ಕೂಸುಗಳು ಬಲಿಯಾದವು.

ಪ್ರಯೋಗಾಲಯದ ಕಡೆ ಗಟ್ಟಿಯಾದ ಕೆಲಸ ಬಾಸ್ಟನ್‌ನ ಹ್ಯಾನಾ ಕಿನ್ನಿ ಅವರದು. ಹೀಗೆ ಸತ್ತ ಅನೇಕ ಕೂಸುಗಳ ಮೆದುಳುಕಾಂಡದಲ್ಲಿ, ಉಸಿರನ್ನೂ ಎಚ್ಚರವನ್ನೂ ನಿಯಂತ್ರಿಸುವ ಸೆರೊಟೋನಿನ್ ವ್ಯವಸ್ಥೆಯಲ್ಲಿ ಅವರು ದೋಷ ಕಂಡರು. ಮುಖ ಹಾಸಿಗೆಗೆ ಒತ್ತಿ ಉಸಿರು ಕಟ್ಟಿದಾಗ ಆರೋಗ್ಯವಂತ ಕೂಸು ಎಚ್ಚೆತ್ತು ತಲೆ ತಿರುಗಿಸುತ್ತದೆ. ದೋಷವಿದ್ದ ಕೂಸು ಏಳುವುದಿಲ್ಲ. ದುರ್ಬಲ ಕೂಸು, ಬೆಳವಣಿಗೆಯ ಸೂಕ್ಷ್ಮ ಹಂತ, ಹೊರಗಿನ ಒತ್ತಡ ಮೂರೂ ಕೂಡಿದಾಗ ಸಾವು ಎಂಬುದು ಕಿನ್ನಿ ಮತ್ತು ಫಿಲಿಯಾನೊ 1994ರಲ್ಲಿ ಮಂಡಿಸಿದ ವಾದ. ಯಾವ ಕೂಸು ದುರ್ಬಲ ಎಂದು ಮುಂಚೆ ಹೇಳಲಾರದ್ದು ಅದರ ಮಿತಿ. 2022ರಲ್ಲಿ ಸಿಡ್ನಿಯ ಒಂದು ತಂಡ ನವಜಾತ ಶಿಶುಗಳ ಒಣರಕ್ತದ ಹನಿಯಲ್ಲಿ ಒಂದು ಕಿಣ್ವ ಕಡಿಮೆಯಿದ್ದುದನ್ನು ಕಂಡಾಗ, ಕಾರಣ ಸಿಕ್ಕೇಬಿಟ್ಟಿತು ಎಂದು ಸುದ್ದಿ ಹರಡಿತು. ಅದರಲ್ಲಿ ಈ ಸಿಂಡ್ರೋಮ್‌ನಿಂದ ತೀರಿದ ಮಕ್ಕಳು 26 ಮಾತ್ರ. ಅದು ಒಂದು ಸುಳಿವು, ಉತ್ತರವಲ್ಲ.

ನಮ್ಮ ಪದ್ಧತಿಗಳಿಗೂ ಈ ಸಂಶೋಧನೆಯಲ್ಲಿ ಪಾಲಿದೆ. ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳಲ್ಲಿ ಈ ಸಾವು ಬಿಳಿಯರಿಗಿಂತ ಕಡಿಮೆ. ಬ್ರಾಡ್‌ಫರ್ಡ್‌ನಲ್ಲಿ ಹೆಲೆನ್ ಬಾಲ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಆ ತಾಯಂದಿರು ಸಿಗರೇಟು, ಮದ್ಯ ಮುಟ್ಟುವುದು ವಿರಳ, ಎದೆಹಾಲು ಹೆಚ್ಚು, ಕೂಸು ತಾಯಿಯ ಕೋಣೆಯಲ್ಲೇ. ನಮ್ಮ ಬಾಣಂತನದ ಈ ಭಾಗ ಗಟ್ಟಿ. ಆದರೆ ಕುಲಾವಿ, ಸ್ವೆಟರ್, ಮೇಲೆ ರಗ್ಗು ಹೊದಿಸಿ ಕಿಟಕಿ ಮುಚ್ಚುವುದನ್ನೂ ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಇಡುವುದನ್ನೂ ಬಿಡಬೇಕು. ಸೀರೆಯ ಜೋಲಿಯಲ್ಲಿ ಕೂಸಿನ ಗಲ್ಲ ಎದೆಗೆ ಒತ್ತಿ ಉಸಿರುದಾರಿ ಇಕ್ಕಟ್ಟಾಗಬಹುದು. ಅಂಗಾತ ಮಲಗಿದರೆ ಹಾಲು ನೆತ್ತಿಗೇರುತ್ತದೆಂಬ ಅಂಜಿಕೆಗೂ ಆಧಾರವಿಲ್ಲ: ಆ ಭಂಗಿಯಲ್ಲಿ ಶ್ವಾಸನಾಳ ಅನ್ನನಾಳದ ಮೇಲಿರುತ್ತದೆ, ಕಕ್ಕಿದ ಹಾಲು ಸುಲಭವಾಗಿ ಅದರೊಳಗೆ ಇಳಿಯದು.

ಕಾರಣ ಹುಡುಕದಿದ್ದರೆ ತಪ್ಪು ತಾಯಿಯ ತಲೆಗೆ ಬರುತ್ತದೆ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫಾಲ್ಬಿಗ್ ತನ್ನ ನಾಲ್ಕು ಮಕ್ಕಳನ್ನು ಕೊಂದಳೆಂದು 2003ರಲ್ಲಿ ಜೈಲು ಸೇರಿದಳು. ಹೃದಯದ ಬಡಿತ ತಪ್ಪಿಸಬಲ್ಲ ವಂಶವಾಹಿ ದೋಷ ಅವಳ ಇಬ್ಬರು ಹೆಣ್ಣುಮಕ್ಕಳಲ್ಲಿ ಇದ್ದುದನ್ನು ವಿಜ್ಞಾನಿಗಳು ತೋರಿಸಿದ ಮೇಲೆ, 2023ರಲ್ಲಿ ಬಿಡುಗಡೆಯಾದಳು.

ನಮ್ಮಲ್ಲಿ ಸಾಧನಗಳಿಲ್ಲವೆಂದಲ್ಲ. ಶಿಶು ಮರಣ ಪರಿಶೀಲನೆಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬೌರಿಂಗ್ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಇವನ್ನು ಜೋಡಿಸುವ ಕೆಲಸ ಬಾಕಿ. ಮನೆಗೆ ಹೋಗುವ ಆರೋಗ್ಯ ಸಿಬ್ಬಂದಿ ಜ್ವರ, ಭೇದಿ ಕೇಳಿದರೆ ಸಾಲದು. ಕೂಸು ಹೇಗೆ, ಯಾವುದರ ಮೇಲೆ, ಯಾರ ಪಕ್ಕ ಮಲಗಿತ್ತು, ಮನೆಯಲ್ಲಿ ಯಾರು ಬೀಡಿ ಸೇದುತ್ತಾರೆ ಎಂದು ಬರೆದುಕೊಳ್ಳಬೇಕು. ಪೊಲೀಸರಂತೆ ಅಲ್ಲ, ಮನೆಯವರಂತೆ ಕೇಳಬೇಕು. ಶಿವಾಜಿನಗರದಲ್ಲಿ ಉರ್ದುವಿನಲ್ಲಿ, ಹಲಸೂರಿನಲ್ಲಿ ತಮಿಳಿನಲ್ಲೂ ಕೇಳಬೇಕು. ಘೋಷಾ ಆಸ್ಪತ್ರೆಯಿಂದ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯವರೆಗೆ ಪ್ರತಿ ಹೆರಿಗೆ ವಾರ್ಡಿನಲ್ಲೂ ಬಾಣಂತಿ ಮನೆಗೆ ಹೊರಡುವ ಮುನ್ನ ಮಲಗಿಸುವ ಕ್ರಮ ಹೇಳಿಕೊಡಬೇಕು.

ಅಲ್ಲಿಯವರೆಗೆ ಓದುಗರು ಇಷ್ಟು ಮಾಡಿ: ಕೂಸನ್ನು ಹಗಲೂ ರಾತ್ರಿಯೂ ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ, ನಿಮ್ಮ ಕೋಣೆಯಲ್ಲೇ ಮಲಗಿಸಿ. ಮನೆಯೊಳಗೆ ಯಾರಿಗೂ ಬೀಡಿ, ಸಿಗರೇಟು ಸೇದಲು ಬಿಡಬೇಡಿ.